ಎಷ್ಟು ತಾಸು ಓದಿದಿ? ಪುಸ್ತಕ ಮುಚ್ಚಿದರೂ ಮುಗಿಯದ ಒತ್ತಡದ ಒಳಹೊರಗು

ರಾತ್ರಿ ಹತ್ತು ದಾಟಿದ ಮೇಲೆ ವಿಜಯಪುರದ ರೀಡಿಂಗ್ ರೂಮುಗಳಲ್ಲಿ ಕಾಣುವ ದೃಶ್ಯ ಇದು. ಟೇಬಲ್ಲಿನ ಮೇಲೆ ಪುಸ್ತಕ ತೆರೆದೇ ಇದೆ, ಆದರೆ ಅರ್ಧ ತಾಸಿನಿಂದ ಪುಟ ತಿರುಗಿಲ್ಲ. ಓದುವವನ ಕಣ್ಣು ಎಳೆಯುತ್ತಿವೆ. ಎದ್ದು ರೂಮಿಗೆ ಹೋಗಿ ಮಲಗಿದರೆ ತಡೆಯುವವರು ಯಾರೂ ಇಲ್ಲ. ಆದರೆ ಪಕ್ಕದ ಕುರ್ಚಿಯವನು ಇನ್ನೂ ಎದ್ದಿಲ್ಲ, ಹೀಗಾಗಿ ಇವನೂ ಏಳುವುದಿಲ್ಲ. ಬೆಳಗಾವಿಯ ಪಿಯು ಹಾಸ್ಟೆಲಿನಲ್ಲಿ, ಬಾಗಲಕೋಟೆ ನವನಗರದ ಬಾಡಿಗೆ ಕೋಣೆಯಲ್ಲಿ ಪುಸ್ತಕ ಬೇರೆ ಇರಬಹುದು, ಸಂಕಟ ಇದೇ.

ಈ ಸಂಕಟ ಈಗ ಹೆಚ್ಚು ಮನೆಗಳನ್ನು ಮುಟ್ಟುತ್ತಿರುವುದಕ್ಕೆ ಕಾರಣವಿದೆ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ವಿದ್ಯಾರ್ಥಿಗಳಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ವಾರ್ಷಿಕ ಪರೀಕ್ಷೆ ಬರೆಯುವ ಅವಕಾಶ ಬಂತು. ಅಂಕ ಕಡಿಮೆ ಬಂದವರಿಗೆ ಇದು ನಿಜಕ್ಕೂ ಉಪಕಾರ. ಆದರೆ ಅದರ ನಡುವೆ ಸಿಇಟಿ, ನೀಟ್ ಕೂಡ ಬರುವುದರಿಂದ ‘ಪರೀಕ್ಷೆ ಮುಗಿಯಿತು’ ಎಂದು ನಿಟ್ಟುಸಿರು ಬಿಡುವ ದಿನ ಹಿಂದೆ ಹಿಂದೆ ಸರಿಯಿತು. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಎಂದು ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುವವರಿಗಂತೂ ಅಧಿಸೂಚನೆ ಯಾವಾಗ, ಪರೀಕ್ಷೆ ಯಾವಾಗ, ಫಲಿತಾಂಶ ಯಾವಾಗ ಎಂಬುದೇ ಗೊತ್ತಿರುವುದಿಲ್ಲ. ಕೊನೆ ಕಾಣದ ಕೆಲಸಕ್ಕೆ ಕೂತವರು ಎಷ್ಟು ಮಾಡಿದರೂ ಸಾಲದು ಅನ್ನಿಸಿಕೊಂಡೇ ಮಲಗುತ್ತಾರೆ.

## ಟನ್ ಬೇರೆ, ರಿಕವರಿ ಬೇರೆ

‘ಉತ್ಪಾದಕತೆ’ ಎಂಬುದು ಮೂಲತಃ ಕಾರ್ಖಾನೆಯ ಲೆಕ್ಕ. ಇಂತಿಷ್ಟು ಸಮಯ, ಇಂತಿಷ್ಟು ಸಾಮಗ್ರಿ ಹಾಕಿದರೆ ಎಷ್ಟು ಮಾಲು ಹೊರಬಂತು ಎಂಬುದು ಅದರ ಅರ್ಥ. ವಿದ್ಯಾರ್ಥಿಗಳ ಬಾಯಲ್ಲಿ ಅದು ಬೇರೆಯೇ ಅರ್ಥ ಪಡೆದಿದೆ: ಎಚ್ಚರ ಇರುವ ಪ್ರತಿ ಗಳಿಗೆಯೂ ಯಾವುದೋ ಒಂದು ‘ಉಪಯೋಗ’ದ ಕೆಲಸದಲ್ಲಿರಬೇಕು, ಇಲ್ಲವಾದರೆ ತಪ್ಪು ಮಾಡಿದ ಹಾಗೆ. ಊಟ ಮಾಡುವಾಗ ಕಿವಿಯಲ್ಲಿ ಪ್ರಚಲಿತ ವಿದ್ಯಮಾನದ ಆಡಿಯೊ, ಬಸ್ಸಿನಲ್ಲಿ ಪಿಡಿಎಫ್, ಹಬ್ಬದ ದಿನವೂ ಮಾಕ್ ಟೆಸ್ಟ್. ಅದು ಬಿಟ್ಟು ಸುಮ್ಮನೆ ಕುಳಿತರೆ ಎದೆಯಲ್ಲಿ ಏನೋ ಕುಟುಕುತ್ತದೆ.

ಕಾರ್ಖಾನೆಯ ಲೆಕ್ಕವನ್ನೇ ಹಿಡಿಯುವುದಾದರೆ ನಮ್ಮ ಭಾಗದ ಸಕ್ಕರೆ ಕಾರ್ಖಾನೆಯನ್ನು ನೋಡಬಹುದು. ದಿನಕ್ಕೆ ಎಷ್ಟು ಟನ್ ಕಬ್ಬು ನುರಿಸಿದರು ಎಂಬುದು ಒಂದು ಲೆಕ್ಕ. ಆ ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಎಂಬುದು ಇನ್ನೊಂದು, ಅದೇ ರಿಕವರಿ. ಕಾರ್ಖಾನೆಗಳು ಕಬ್ಬಿಗೆ ಕೊಡಬೇಕಾದ ಕನಿಷ್ಠ ಬೆಲೆಯೆಂದು ಕೇಂದ್ರ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ದರ ಟನ್ನಿನ ಜೊತೆಗೆ ರಿಕವರಿಯನ್ನೂ ಹಿಡಿದಿದೆ. 2022–23ರ ಹಂಗಾಮಿನಿಂದ ಅದಕ್ಕೆ ಶೇ 10.25 ರಿಕವರಿ ಮೂಲ ಅಳತೆ. ಅಂದರೆ 100 ಕಿಲೋ ಕಬ್ಬಿಗೆ 10 ಕಿಲೋ 250 ಗ್ರಾಂ ಸಕ್ಕರೆ. ರಿಕವರಿ ಕಡಿಮೆ ಬಿದ್ದರೆ ಎಷ್ಟು ಟನ್ ನುರಿಸಿದರೂ ಲಾಭವಿಲ್ಲ ಎಂಬುದು ಮುಧೋಳ, ಜಮಖಂಡಿ, ಅಥಣಿ, ಗೋಕಾಕದ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಓದಿನಲ್ಲಿ ತಾಸು ಎಂದರೆ ಟನ್. ಪರೀಕ್ಷೆಯ ದಿನ ಪುಸ್ತಕವಿಲ್ಲದೆ ನೆನಪಿಗೆ ಬರುವುದು ರಿಕವರಿ. ‘ಹದಿನಾಲ್ಕು ತಾಸು ಓದಿದೆ’ ಎನ್ನುವವರ ಬಳಿ ಟನ್ನಿನ ಲೆಕ್ಕ ಮಾತ್ರ ಇರುತ್ತದೆ, ರಿಕವರಿಯನ್ನು ಅಳೆದಿರುವುದೇ ಇಲ್ಲ. ಈ ಒತ್ತಡದ ಬೇರು ಬಹುಪಾಲು ಇಲ್ಲೇ ಇದೆ. ಅಳೆಯಲು ಸುಲಭವಾದದ್ದನ್ನು ಅಳೆಯುತ್ತೇವೆ, ಅದು ಎಷ್ಟಾದರೂ ಸಾಕಾಗುವುದಿಲ್ಲ. ಏಕೆಂದರೆ 24 ತಾಸಿನಲ್ಲಿ ಇನ್ನೂ ಒಂದು ತಾಸು ಯಾವಾಗಲೂ ಉಳಿದಿರುತ್ತದೆ.

## ಒತ್ತಡ ಎಲ್ಲಿಂದ ಬರುತ್ತದೆ

ಮೊದಲನೆಯದು ಮನೆ. ಅಪ್ಪ ಬಿಸಿಲಲ್ಲಿ ಕಬ್ಬು ಕಡಿಯುವುದು, ಅವ್ವ ಕಳೆ ತೆಗೆಯುವುದು ಕಣ್ಣಿಗೆ ಕಾಣುವ ದುಡಿಮೆ. ಸಂಜೆ ಹೊತ್ತಿಗೆ ಎಷ್ಟು ಸಾಲು ಮುಗಿಯಿತೆಂದು ಬೆರಳು ಮಾಡಿ ತೋರಿಸಬಹುದು. ಓದುವುದು ಹಾಗಲ್ಲ, ಅದು ತಲೆಯೊಳಗಿನ ಕೆಲಸ. ಕೋಚಿಂಗ್ ಫೀ, ರೂಮಿನ ಬಾಡಿಗೆ, ಖಾನಾವಳಿ ಬಿಲ್ಲು, ಇದಕ್ಕೆಲ್ಲ ಮನೆಯವರು ಸಾಲ ಮಾಡಿದ್ದಾರೆಂದು ಗೊತ್ತಿರುವ ಮಗ ಅಥವಾ ಮಗಳು ಆ ಕಾಣದ ಕೆಲಸವನ್ನು ಕಾಣುವಂತೆ ಮಾಡಲು ಹೆಣಗುತ್ತಾರೆ. ಪುಸ್ತಕದ ಮುಂದೆ ಕುಳಿತಿರುವುದೇ ಆಗ ದುಡಿಮೆಯ ಗುರುತಾಗುತ್ತದೆ. ‘ಸುಮ್ನ ಕುಂತಿಯಲ್ಲ, ಓದೂದು ಮುಗೀತೇನು?’ ಎಂದು ಊರಿಂದ ಬಂದ ಕಾಕಾ ಪ್ರೀತಿಯಿಂದಲೇ ಕೇಳಿದರೂ ಅದು ಚುಚ್ಚುವುದು ಇದಕ್ಕೇ.

ಎರಡನೆಯದು ಫೋನು. ಬೆಳಗಿನ ನಾಲ್ಕಕ್ಕೆ ಗಡಿಯಾರದ ಚಿತ್ರ ಹಾಕಿದ ಸ್ಟೇಟಸ್, ಹನ್ನೆರಡು ತಾಸು ಕ್ಯಾಮರಾ ಮುಂದೆ ಕುಳಿತು ಓದುವವರ ವಿಡಿಯೊ, ರ‍್ಯಾಂಕ್ ಬಂದವರ ಸಂದರ್ಶನ. ಇವುಗಳಲ್ಲಿ ಅವರು ಮಲಗಿದ್ದು, ಊಟ ಮಾಡಿದ್ದು, ಓದಿದ್ದನ್ನು ಮರೆತದ್ದು ಕಾಣುವುದಿಲ್ಲ. ನೂರು ಮಂದಿಯ ಒಂದೊಂದು ಒಳ್ಳೆಯ ತಾಸನ್ನು ಒಟ್ಟುಗೂಡಿಸಿ, ಅದರ ಎದುರು ನಮ್ಮ ಒಂದು ಸಾಧಾರಣ ದಿನವನ್ನು ಇಟ್ಟು ತೂಗಿದಂತೆ ಆಗುತ್ತದೆ.

ಮೂರನೆಯದನ್ನು ಆಗಲೇ ಹೇಳಿದೆ, ಕೊನೆ ಕಾಣದ ತಯಾರಿ. ರೂಮಿನ ಜೊತೆಗಾರರು, ಕೋಚಿಂಗ್ ಸೆಂಟರಿನ ಗೋಡೆಯ ಮೇಲಿನ ಆಯ್ಕೆಯಾದವರ ಫೋಟೊಗಳು ಇದಕ್ಕೆ ಗಾಳಿ ಹಾಕುತ್ತವೆ.

## ತಲೆಯೊಳಗೆ ನಡೆಯುವುದೇನು

ಒತ್ತಡ ಎಂದರೆ ಪೂರ್ತಿ ಕೆಟ್ಟದ್ದಲ್ಲ. ಪರೀಕ್ಷೆ ಹತ್ತಿರ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ, ಗಮನ ಚುರುಕಾಗುತ್ತದೆ. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, ಪ್ರಚೋದನೆ ಹೆಚ್ಚಿದಂತೆ ಕಲಿಕೆ ಒಂದು ಮಟ್ಟದವರೆಗೆ ಚುರುಕಾಗಿ, ಆಮೇಲೆ ಕುಸಿಯುತ್ತದೆ ಎಂದು ಕಂಡರು. ಕೆಲಸ ಕಷ್ಟದ್ದಾದಷ್ಟೂ ಆ ಕುಸಿತ ಬೇಗ ಬರುತ್ತದೆ. ಘಟಪ್ರಭಾ ಕಾಲುವೆಯ ನೀರು ಸಿಕ್ಕಿದ ಹೊಸತರಲ್ಲಿ ಕಬ್ಬಿಗೆ ಹಾಯಿಸಿದ್ದೇ ಹಾಯಿಸಿ ಎಷ್ಟೋ ಹೊಲ ಉಪ್ಪೇರಿ, ನೀರು ನಿಂತು ಸವುಳು-ಜವುಳಾದದ್ದು ಇದೇ ಲೆಕ್ಕ. ನೀರಿಲ್ಲದೆ ಬೆಳೆಯಿಲ್ಲ, ನೀರೇ ಅತಿಯಾದರೂ ಬೆಳೆಯಿಲ್ಲ.

ಈ ಒತ್ತಡ ತಿಂಗಳುಗಟ್ಟಲೆ ಇಳಿಯದೆ ನಿಂತರೆ ಮೊದಲು ಕೆಡುವುದು ನಿದ್ದೆ, ಆಮೇಲೆ ಗಮನ, ಆಮೇಲೆ ನೆನಪು. ನೆನಪು ಕೆಟ್ಟವರು ‘ನಾನು ಓದಿದ್ದು ಸಾಲದು’ ಎಂದುಕೊಂಡು ಇನ್ನೂ ಎರಡು ತಾಸು ನಿದ್ದೆ ಕಡಿಯುತ್ತಾರೆ. ಗಾಣದ ಎತ್ತಿನಂತೆ ಸುತ್ತು ಶುರುವಾಗುವುದು ಇಲ್ಲಿಂದ.

ಓದಿದ್ದು ಮರೆತುಹೋಗುವುದಂತೂ ಯಾರ ತಪ್ಪೂ ಅಲ್ಲ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಅವನ ಲೆಕ್ಕದಲ್ಲಿ ಒಂದು ತಾಸಿನೊಳಗೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಆಮೇಲೆ ಮರೆವಿನ ವೇಗ ನಿಧಾನವಾಗಿತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ, ಆದರೂ ಮರೆವಿನ ದಾರಿ ಅದೇ ಇಳಿಜಾರು.

ಇದಕ್ಕೆ ಮದ್ದೇನು? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಒಂದು ಪ್ರಯೋಗವನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಅದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದ್ದೇ ಮೇಲುಗೈ: ಅವರಿಗೆ ಶೇ 83, ಇವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಬರೀ ಓದಿದವರಿಗೆ ಶೇ 40 ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ 61. ಇನ್ನೂ ಮುಖ್ಯ ಸಂಗತಿ ಏನೆಂದರೆ, ‘ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು?’ ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆ ತೋರಿದವರು ಬರೀ ಓದಿದವರೇ. ಮತ್ತೆ ಮತ್ತೆ ಓದಿದಾಗ ಪುಟ ಪರಿಚಯವಾಗುತ್ತದೆ, ಆ ಪರಿಚಯವನ್ನೇ ಕಲಿಕೆ ಎಂದು ತಿಳಿಯುತ್ತೇವೆ. ಹದಿನಾಲ್ಕು ತಾಸಿನ ಓದು ಮೋಸ ಮಾಡುವ ಜಾಗ ಇದು.

ನಿದ್ದೆಯ ವಿಷಯಕ್ಕೆ ಬಂದರೆ, ಹಗಲು ಓದಿದ್ದನ್ನು ಮಿದುಳು ಮೊದಲು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತದೆ. ಗಾಢ ನಿದ್ದೆಯಲ್ಲಿ ಅದು ಮಿದುಳಿನ ಹೊರಪದರಕ್ಕೆ ಸರಿದು ಗಟ್ಟಿಯಾಗುತ್ತದೆ. ನಿದ್ದೆ ಕಡಿದರೆ ರಾಶಿ ಕಣದಲ್ಲೇ ಉಳಿಯಿತು, ಕಾಳು ಕೂಡಿಡುವ ಹಗೇವಿಗೆ ಹೋಗಲಿಲ್ಲ ಎಂದಂತೆ. 14ರಿಂದ 17 ವಯಸ್ಸಿನವರಿಗೆ 8ರಿಂದ 10 ತಾಸು, 18ರಿಂದ 25ರವರಿಗೆ 7ರಿಂದ 9 ತಾಸು ನಿದ್ದೆ ಬೇಕೆನ್ನುವುದು ನಿದ್ರಾತಜ್ಞರ ಸಲಹೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ, 17ರಿಂದ 19 ತಾಸು ಎಚ್ಚರವಿದ್ದವರ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದು ತೋರಿಸಿತು. ನಮ್ಮಲ್ಲಿ ವಾಹನ ಓಡಿಸಲು ಕಾನೂನು ಬಿಟ್ಟಿರುವ ಮಿತಿಯೇ 30 ಮಿಲಿಗ್ರಾಂ. ಬೆಳಗ್ಗೆ ಐದಕ್ಕೆ ಎದ್ದವರಿಗೆ ರಾತ್ರಿ ಹತ್ತಕ್ಕೆ 17 ತಾಸು ತುಂಬುತ್ತದೆ. ಅದರ ಮೇಲೆ ಓದುವ ಪುಟಗಳ ಬೆಲೆಯನ್ನು ಇದರಿಂದಲೇ ಎಣಿಸಬಹುದು.

## ಖಾಲಿ ಬಿಟ್ಟ ಎರಿ ಹೊಲ

ವಿಜಯಪುರದ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವ ರೈತರು ಮುಂಗಾರಿನಲ್ಲಿ ಆ ಹೊಲವನ್ನು ಖಾಲಿ ಬಿಡುವ ರೂಢಿ ಹಳೆಯದು. ಹೊರಗಿನವರಿಗೆ ಅದು ಬೀಳು ಬಿದ್ದ ಹೊಲ. ನಿಜದಲ್ಲಿ ಆ ಹೊಲ ಮಳೆ ಕುಡಿಯುತ್ತಿರುತ್ತದೆ. ರೈತ ನಡುನಡುವೆ ಕುಂಟೆ ಹೊಡೆದು ಹರಗುತ್ತಾನೆ, ನೀರು ಹರಿದು ಹೋಗದಂತೆ ಚೌಕು ಮಡಿ ಕಟ್ಟುತ್ತಾನೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಚಳಿಗಾಲವಿಡೀ ಬದುಕುವುದು ಈ ಉಳಿಸಿದ ಹಸಿಯ ಮೇಲೆಯೇ.

ವಿಶ್ರಾಂತಿಯ ಕೆಲಸವೂ ಇದೇ. ಕಠಿಣ ಲೆಕ್ಕ ಬಿಟ್ಟು ನಡೆದಾಡಲು ಹೋದವರಿಗೆ ದಾರಿಯಲ್ಲಿ ಥಟ್ಟನೆ ಹೊಳೆಯುವುದು ಅದೃಷ್ಟದಿಂದಲ್ಲ. ಹೊರಗಿನ ಗಮನ ಸಡಿಲವಾದಾಗಲೂ ಮಿದುಳು ಕೆಲಸ ನಿಲ್ಲಿಸಿರುವುದಿಲ್ಲ; ಹಳೆಯದಕ್ಕೂ ಹೊಸದಕ್ಕೂ ನಂಟು ಕಟ್ಟುತ್ತಿರುತ್ತದೆ. ಆದರೆ ಎಲ್ಲ ಬಿಡುವೂ ಹೀಗಲ್ಲ. ರೀಲ್ಸ್ ನೋಡುವಾಗ ಪ್ರತಿ ಕೆಲವು ಸೆಕೆಂಡಿಗೆ ಹೊಸ ವಿಷಯ, ಹೊಸ ಸದ್ದು ಬರುವುದರಿಂದ ಓದಿನಲ್ಲಿ ದಣಿದ ಅದೇ ಗಮನವೇ ಮತ್ತೆ ದುಡಿಯುತ್ತದೆ. ಅರ್ಧ ತಾಸು ರೀಲ್ಸ್ ನೋಡಿ ಎದ್ದವರಿಗೆ ದಣಿವು ಆರದಿರುವುದು ಈ ಕಾರಣಕ್ಕೆ. ನೀರು ಕುಡಿಯುವುದು, ಮಾಳಿಗೆ ಹತ್ತಿ ಗಾಳಿಗೆ ನಿಲ್ಲುವುದು, ಬಟ್ಟೆ ಒಣಹಾಕುವುದು, ಜೊತೆಗಾರರೊಂದಿಗೆ ಪರೀಕ್ಷೆ ಬಿಟ್ಟು ಬೇರೆ ಮಾತಾಡುವುದು ನಿಜವಾದ ಬಿಡುವು.

ಇಲ್ಲಿ ಹೆಣ್ಣುಮಕ್ಕಳ ಮಾತು ಬೇರೆಯಾಗಿ ಹೇಳಬೇಕು. ಕಾಲೇಜಿನಿಂದ ಬಂದು ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ಆಮೇಲೆ ಪುಸ್ತಕ ಹಿಡಿಯುವ ಹುಡುಗಿಗೆ ‘ಓದಿನಿಂದ ಬಿಡುವು ಸಿಕ್ಕಿತಲ್ಲ’ ಎಂದರೆ ಅದು ಅನ್ಯಾಯ. ಅದು ಕೆಲಸ ಬದಲಾದದ್ದು, ವಿಶ್ರಾಂತಿ ಅಲ್ಲ. ಅವಳ ದಿನದ ಲೆಕ್ಕದಲ್ಲಿ ಮನೆಗೆಲಸವನ್ನು ದುಡಿಮೆಯ ಕಡೆಗೇ ಬರೆಯಬೇಕು, ಬಿಡುವಿನ ಕಡೆಗಲ್ಲ.

## ರಿಕವರಿ ಅಳೆಯುವುದು ಹೇಗೆ

ತಾಸಿನ ಲೆಕ್ಕ ಬಿಡಬೇಕಾದರೆ ಕೈಯಲ್ಲಿ ಬೇರೆ ಲೆಕ್ಕ ಇರಬೇಕು. ಇದಕ್ಕೆ ಬೇಕಾದದ್ದು ಖಾಲಿ ಹಾಳೆ, ನೀಲಿ ಪೆನ್ನು, ಕೆಂಪು ಪೆನ್ನು, ಹತ್ತು ನಿಮಿಷ.

ರಾತ್ರಿ ಒಂದು ಪಾಠ ಓದಿ ಮುಚ್ಚಿಡಿ. ಬೆಳಗ್ಗೆ ಎದ್ದು, ಪುಸ್ತಕ ತೆರೆಯುವ ಮೊದಲು, ಆ ಪಾಠದಲ್ಲಿ ನೆನಪಿರುವುದನ್ನೆಲ್ಲ ನೀಲಿ ಪೆನ್ನಿನಲ್ಲಿ ಬರೆಯಿರಿ. ನೆನಪಾಗದೆ ಎರಡು ನಿಮಿಷ ಪೆನ್ನು ನಿಂತರೂ ಪುಸ್ತಕ ತೆರೆಯಬೇಡಿ. ನೆನಪು ಗಟ್ಟಿಯಾಗುವುದು ಆ ತಿಣುಕಾಟದಲ್ಲೇ. ಹತ್ತು ನಿಮಿಷವಾದ ಮೇಲೆ ಪುಸ್ತಕ ನೋಡಿ ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಕೆಂಪಿನಲ್ಲಿ ಸೇರಿಸಿ.

ಕೆಎಎಸ್ ಓದುವ ಒಬ್ಬರ ಆದಿಲ್‌ಶಾಹಿ ಪಾಠದ ಹಾಳೆ ಹೀಗಿರಬಹುದು. ನೀಲಿಯಲ್ಲಿ: ‘1565 ತಾಳಿಕೋಟೆ ಕದನ’, ‘1686 ಔರಂಗಜೇಬನ ವಶಕ್ಕೆ ವಿಜಯಪುರ’, ‘ಗೋಳಗುಮ್ಮಟ, ಮಹಮ್ಮದ್ ಆದಿಲ್ ಶಾ’, ‘1565ರಲ್ಲಿ ಸುಲ್ತಾನ ಎರಡನೇ ಇಬ್ರಾಹಿಂ’. ಕೆಂಪಿನಲ್ಲಿ: ‘ಸ್ಥಾಪಕ ಯೂಸುಫ್ ಆದಿಲ್ ಖಾನ್’, ಮತ್ತು ಎರಡನೇ ಇಬ್ರಾಹಿಂ ಹೆಸರು ಹೊಡೆದು ‘ಒಂದನೇ ಅಲಿ ಆದಿಲ್ ಶಾ’. ಪಾಠದಲ್ಲಿ ಮುಖ್ಯ ಅಂಶ 20 ಇದ್ದು 11 ಸರಿ ಬಂದಿದ್ದರೆ ರಿಕವರಿ ಶೇ 55. ಮೊದಲ ಸಲಕ್ಕೆ ಇದು ಒಳ್ಳೆಯ ಲೆಕ್ಕವೇ. ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಇದೇ ಪಾಠಕ್ಕೆ ಮತ್ತೆ ಖಾಲಿ ಹಾಳೆ ಹಿಡಿಯಿರಿ. ಮರು ಓದುವುದು ಕೆಂಪು ಸಾಲುಗಳನ್ನು ಮಾತ್ರ. ಒಂದು ತಾಸು ಹಿಡಿಯುತ್ತಿದ್ದ ರಿವಿಜನ್ ಇಪ್ಪತ್ತು ನಿಮಿಷಕ್ಕೆ ಇಳಿಯುವುದು ಹೀಗೆ.

ಗಣಿತ, ಭೌತಶಾಸ್ತ್ರಕ್ಕೆ ಖಾಲಿ ಹಾಳೆಯ ರೀತಿ ಸ್ವಲ್ಪ ಬೇರೆ. ನಿನ್ನೆ ಬಿಡಿಸಿದ ಲೆಕ್ಕಗಳಲ್ಲಿ ಕಷ್ಟವಾದದ್ದೊಂದನ್ನು ಆರಿಸಿ, ಪ್ರಶ್ನೆ ಮಾತ್ರ ಬರೆದುಕೊಂಡು, ಪರಿಹಾರ ನೋಡದೆ ಮತ್ತೆ ಬಿಡಿಸಿ. ಯಾವ ಹಂತದಲ್ಲಿ ಕೈ ನಿಂತಿತೋ ಆ ಹಂತವೇ ಇವತ್ತಿನ ಪಾಠ.

## ದಿನದ ಲೆಕ್ಕ

ಬೈಲಹೊಂಗಲ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಪಿಯು ವಿದ್ಯಾರ್ಥಿಯ ದಿನ ತೆಗೆದುಕೊಳ್ಳೋಣ. ನಿದ್ದೆ 8 ತಾಸು, ಕಾಲೇಜು 6.5, ಬಸ್ಸು ಒಂದೂವರೆ, ಸ್ನಾನ, ಊಟ, ಮನೆಗೆಲಸ ಎರಡೂವರೆ. ಒಟ್ಟು 18.5. ಉಳಿಯುವುದು ಐದೂವರೆ. ಅದರಲ್ಲಿ ಓದಿಗೆ ಮೂರೂವರೆ, ಆಟಕ್ಕೆ ಅಥವಾ ಹರಟೆಗೆ ಒಂದು, ಇನ್ನೊಂದು ತಾಸು ಏನೂ ಬರೆಯದೆ ಖಾಲಿ ಬಿಡಬೇಕು. ಬಸ್ಸು ತಡವಾಗುತ್ತದೆ, ಕರೆಂಟು ಹೋಗುತ್ತದೆ, ಬೀಗರು ಬರುತ್ತಾರೆ. ಈ ಖಾಲಿ ತಾಸು ಇಲ್ಲದ ಟೈಮ್‌ಟೇಬಲ್ಲು ಮೂರು ದಿನವೂ ನಿಲ್ಲುವುದಿಲ್ಲ. ಇಂಥ ವಿದ್ಯಾರ್ಥಿಯಿಂದ ಹತ್ತು ತಾಸಿನ ಓದು ಬಯಸುವವರು ಆ ಆರೂವರೆ ತಾಸು ಎಲ್ಲಿಂದ ತರಬೇಕೆಂದು ಕಾಗದದ ಮೇಲೆ ಕೂಡಿಸಿ ನೋಡಬೇಕು.

ಪೂರ್ತಿ ದಿನ ಸ್ಪರ್ಧಾತ್ಮಕ ಪರೀಕ್ಷೆಗೇ ಓದುವವರಿಗೆ ಬೆಳಗ್ಗೆ 6.30ರಿಂದ 8.30, 10ರಿಂದ 12.30, ಸಂಜೆ 4.30ರಿಂದ 6.30, ರಾತ್ರಿ 8ರಿಂದ 9 ನೆನಪಿನ ಬರಹ. ಒಟ್ಟು ಏಳೂವರೆ ತಾಸು. ತಲೆಯಿಟ್ಟು ಮಾಡಿದರೆ ಇದು ತುಂಬು ದಿನ. ಮಧ್ಯಾಹ್ನದ ಹೊತ್ತನ್ನು ಬೇಕೆಂದೇ ಬಿಟ್ಟಿದೆ. ಊಟವಾದ ಮೇಲೆ ದೇಹ ತಾನೇ ಮಂದವಾಗುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಪತ್ರಾಸಿನ (ತಗಡಿನ) ಮಾಡಿನ ಕೋಣೆಯಲ್ಲಿ ಆ ಹೊತ್ತು ಕಷ್ಟದ ಪಾಠ ಹಿಡಿದರೆ ಬರೀ ಬೆವರು. 20–30 ನಿಮಿಷ ಮಲಗಿ, ಪತ್ರಿಕೆ ಓದಿ, ಹಿಂದಿನ ಟೆಸ್ಟಿನ ತಪ್ಪು ನೋಡಿಕೊಂಡರೆ ಸಾಕು. ಒಂದು ತಾಸು ಮೀರಿ ಮಲಗಿದರೆ ಮಾತ್ರ ರಾತ್ರಿಯ ನಿದ್ದೆ ಕೆಡುತ್ತದೆ.

ಒಂದೊಂದು ಅವಧಿಯೊಳಗೆ 45–50 ನಿಮಿಷ ಓದು, 10 ನಿಮಿಷ ಬಿಡುವು. 25 ನಿಮಿಷಕ್ಕೆ ಗಂಟೆ ಹೊಡೆಯುವ ‘ಪೊಮೊಡೊರೊ’ ಪದ್ಧತಿ ಪ್ರಸಿದ್ಧವಾಗಿದೆ. ಓದಲು ಮನಸ್ಸೇ ಬಾರದ ದಿನ ಶುರು ಮಾಡಲು ಅದು ಒಳ್ಳೆಯದು, ಆದರೆ ದೊಡ್ಡ ಲೆಕ್ಕ ಬಿಡಿಸುವಾಗ ಎಳೆ ಸಿಗುವ ಹೊತ್ತಿಗೇ ಗಂಟೆ ಹೊಡೆದು ಕಡಿದುಹಾಕುತ್ತದೆ. ಚಹಾದಲ್ಲಿರುವ ಕೆಫೀನು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ ಕುಡಿದ ಚಹಾದ ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಇರುತ್ತದೆ. ಕೊನೆಯ ಚಹಾ ನಾಲ್ಕರೊಳಗೆ ಮುಗಿಯಲಿ.

ದಿನಕ್ಕೆ ಒಂದು ಗೆರೆ ಎಳೆಯುವುದು ಎಲ್ಲಕ್ಕಿಂತ ಮುಖ್ಯ. ರಾತ್ರಿ ಒಂಬತ್ತೂವರೆಗೆ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆಯಿರಿ: ಇವತ್ತು ಏನು ಮುಗಿಯಿತು, ನಾಳೆ ಮೊದಲು ತೆರೆಯುವ ಪುಟ ಯಾವುದು. ‘ಸಂವಿಧಾನ ಓದುವುದು’ ಎಂದಲ್ಲ, ‘ಮೂಲಭೂತ ಹಕ್ಕುಗಳು, 14ರಿಂದ 18ನೇ ವಿಧಿ, ಖಾಲಿ ಹಾಳೆ’ ಎಂದು. ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ; ಅದಕ್ಕೊಂದು ಹೊತ್ತು, ಜಾಗ ಗೊತ್ತು ಮಾಡಿ ಬರೆದಿಟ್ಟರೆ ಕೊರೆತ ತಗ್ಗುತ್ತದೆ. ಚೀಟಿ ಪುಸ್ತಕದೊಳಗೆ, ಪುಸ್ತಕ ಚೀಲದೊಳಗೆ. ಫೋನು ಹಾಸಿಗೆಯಿಂದ ಎದ್ದು ಹೋಗಿ ಮುಟ್ಟಬೇಕಾದಷ್ಟು ದೂರ.

ವಾರಕ್ಕೆ ಅರ್ಧ ದಿನವಾದರೂ ಪೂರ್ತಿ ಬಿಡುವು ಬೇಕು. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಕೊರಳಿಗೆ ನೊಗ ಇಡದ ಊರುಗಳು ನಮ್ಮ ಸೀಮೆಯಲ್ಲಿ ಇವತ್ತಿಗೂ ಇವೆ. ಬಿತ್ತನೆಯ ಹೊತ್ತಿನಲ್ಲೂ ಆ ಒಂದು ದಿನ ಎತ್ತು ಕೊಟ್ಟಿಗೆಯಲ್ಲೇ. ಮಕ್ಕಳಿಗೆ ಅಷ್ಟಾದರೂ ಸಲ್ಲಬೇಕು. ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳಿತು. ‘ಓದು ಮುಗಿದರೆ ಬಿಡುವು’ ಎಂದುಕೊಂಡರೆ ಆ ದಿನ ಬರುವುದೇ ಇಲ್ಲ.

## ತಪ್ಪುವುದು ಎಲ್ಲಿ

ಮೊದಲ ವಾರ ತಪ್ಪಿತಸ್ಥ ಭಾವ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಹತ್ತಕ್ಕೆ ದೀಪ ಆರಿಸಿದವರಿಗೆ ಪಕ್ಕದ ರೂಮಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಇದು ಪದ್ಧತಿ ಸೋತ ಲಕ್ಷಣವಲ್ಲ, ಹಳೆಯ ಅಭ್ಯಾಸ ಬಿಡುವಾಗಿನ ಜಗ್ಗಾಟ. ಎರಡು ವಾರದ ಹಾಳೆಗಳಲ್ಲಿ ನೀಲಿ ಹೆಚ್ಚಾಗಿ ಕೆಂಪು ಕಡಿಮೆಯಾಗುವುದು ಕಂಡಾಗ ಜಗ್ಗಾಟ ಸಡಿಲವಾಗುತ್ತದೆ. ಅಷ್ಟು ದಿನ ಹಾಳೆಗಳನ್ನು ದಿನಾಂಕ ಹಾಕಿ ಒಂದು ಫೈಲಿನಲ್ಲಿ ಇಡಿ, ಎಸೆಯಬೇಡಿ.

ತಪ್ಪಿಸಿಕೊಂಡ ಅವಧಿಯನ್ನು ರಾತ್ರಿ ನಿದ್ದೆ ಕಡಿದು ತುಂಬುವುದು ಎರಡನೆಯ ತಪ್ಪು. ಒಂದು ಅವಧಿ ಹೋದರೆ ಹೋಯಿತು. ನಾಳೆಯ ಖಾಲಿ ತಾಸಿನಲ್ಲಿ ಹಿಡಿದಷ್ಟು ಹಿಡಿಯಬೇಕು, ಉಳಿದದ್ದು ವಾರದ ಕೊನೆಗೆ. ಇನ್ನು ಕೆಲವರು ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆಯುವುದರಲ್ಲೇ ಭಾನುವಾರ ಕಳೆಯುತ್ತಾರೆ, ಅದು ಬುಧವಾರ ಮುರಿದಾಗ ಹೊಸದು ಬರೆಯುತ್ತಾರೆ. ಎರಡು ಸಾಲಿನ ಚೀಟಿಗಿಂತ ದೊಡ್ಡದು ಬೇಡ ಎನ್ನುವುದು ಇದಕ್ಕೇ.

## ಮನೆಯವರ ಜೊತೆ ಮಾತು

ಅಪ್ಪ-ಅವ್ವನ ಪ್ರಶ್ನೆ ‘ಎಷ್ಟು ತಾಸು ಓದಿದಿ?’ ಎಂದೇ ಇರುತ್ತದೆ, ಏಕೆಂದರೆ ಅವರಿಗೆ ಬೇರೆ ಅಳತೆ ಯಾರೂ ಕೊಟ್ಟಿಲ್ಲ. ಆ ಅಳತೆ ಕೊಡುವ ಕೆಲಸ ಮಕ್ಕಳದು. ವಾದ ಮಾಡುವುದಕ್ಕಿಂತ ಕರಾರು ಮಾಡಿಕೊಳ್ಳುವುದು ಲೇಸು:

‘ಅಪ್ಪಾ, ನಾ ರಾತ್ರಿ ಹತ್ತಕ್ಕ ಮಲಗಿ ಆರಕ್ಕ ಏಳ್ತೀನಿ. ಒಂದ್ ತಿಂಗಳ ನೋಡ್ರಿ. ಪ್ರತಿ ಐತವಾರ ಟೆಸ್ಟಿನ ಮಾರ್ಕ್ಸ್ ನಿಮಗ ತೋರಸ್ತೀನಿ. ಕಡಿಮಿ ಬಂದ್ರ ಆಮ್ಯಾಲ ಮತ್ತ ಮಾತಾಡೂನು.’

ಪಾಲಕರು ಕೇಳಬಹುದಾದ ಒಳ್ಳೆಯ ಪ್ರಶ್ನೆಯೂ ಒಂದಿದೆ. ‘ಇವತ್ತ ಏನ್ ಕಲ್ತಿ, ನನಗೂ ಸ್ವಲ್ಪ ಹೇಳು.’ ಶಾಲೆ ಕಂಡಿರದ ಅವ್ವನಿಗೆ ಮಣ್ಣಿನ ಆಮ್ಲೀಯತೆ ಏನೆಂದು ಆಡುಮಾತಿನಲ್ಲಿ ಹೇಳಲು ಹೊರಟ ಮಗಳಿಗೆ ತನಗೆ ಯಾವುದು ಅರ್ಥವಾಗಿಲ್ಲವೆಂದು ಎರಡನೇ ವಾಕ್ಯದಲ್ಲೇ ತಿಳಿಯುತ್ತದೆ. ಖಾಲಿ ಹಾಳೆ ಮಾಡುವ ಕೆಲಸವನ್ನೇ ಈ ಪ್ರಶ್ನೆ ಮಾಡುತ್ತದೆ, ಮನೆಯವರೂ ಅದರಲ್ಲಿ ಪಾಲುದಾರರಾಗುತ್ತಾರೆ.

## ಟೈಮ್‌ಟೇಬಲ್ಲಿನಿಂದ ಸರಿಯಾಗದ ಸ್ಥಿತಿ

ದಣಿವು ಒಂದೆರಡು ದಿನದ ಬಿಡುವು, ನಿದ್ದೆಯಿಂದ ಇಳಿಯುತ್ತದೆ. ಇಳಿಯದಿದ್ದರೆ ಅದು ಬೇರೆ. ಎರಡು ವಾರ ದಿನದ ಹೆಚ್ಚು ಹೊತ್ತು ಮಂಕು ಕವಿದಿರುವುದು, ಮೊದಲು ಇಷ್ಟವಿದ್ದ ಆಟ, ಹಾಡು, ಗೆಳೆತನ ಬೇಡವಾಗುವುದು, ಹಾಸಿಗೆಗೆ ಬಿದ್ದರೂ ನಿದ್ದೆ ಹತ್ತದಿರುವುದು ಅಥವಾ ನಸುಕಿನಲ್ಲೇ ಎಚ್ಚರವಾಗಿ ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು, ‘ನಾನು ಯಾತಕ್ಕೂ ಬಾರದವನು’ ಎಂಬ ಮಾತು ಮತ್ತೆ ಮತ್ತೆ ಬರುವುದು ಖಿನ್ನತೆಯ ಲಕ್ಷಣಗಳು. ಇದು ಸೋಮಾರಿತನವಲ್ಲ, ಕಾಯಿಲೆ, ಚಿಕಿತ್ಸೆಯಿಂದ ಗುಣವಾಗುತ್ತದೆ. ಬದುಕು ಸಾಕೆನ್ನುವ ಮಾತು ಬಾಯಿಂದ ಬಂದರೆ ಎರಡು ವಾರ ಕಾಯುವಂತಿಲ್ಲ, ಅವತ್ತೇ ನೆರವು ಬೇಕು. ಅವರನ್ನು ಒಬ್ಬರೇ ಬಿಡಬೇಡಿ. ಅಪಾಯ ಕಂಡರೆ 112 ಅಥವಾ 108ಕ್ಕೆ ಕರೆ ಮಾಡಿ.

ಮಾತಾಡಲು ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರಿನಲ್ಲಿ ಆರಂಭಿಸಿತು. ದಿನದ 24 ತಾಸೂ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಹೋದ ಕೂಡಲೇ ಭಾಷೆ ಆರಿಸಲು ಹೇಳುತ್ತದೆ, ಆಮೇಲೆ ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯ ಬಿದ್ದರೆ ಅವರು ಮನೋವೈದ್ಯರಿಗೆ ಜೋಡಿಸುತ್ತಾರೆ. ಏನು ಹೇಳಬೇಕೆಂದು ತೋಚದಿದ್ದರೆ ‘ಓದಲು ಆಗುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಎಷ್ಟು ದಿನದಿಂದ’ ಎಂಬ ಮೂರು ಮಾತಿನಿಂದ ಶುರು ಮಾಡಿದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.

ಎದುರಿಗೆ ಕುಳಿತು ತೋರಿಸಬೇಕಾದರೆ ವಿಜಯಪುರ, ಬೆಳಗಾವಿ, ಬಾಗಲಕೋಟೆ ಮೂರೂ ಜಿಲ್ಲೆಗಳ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಹೊರರೋಗಿ ವಿಭಾಗವನ್ನು ಕೇಳಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡು ಹೋಗುವುದು ಒಳ್ಳೆಯದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೋಗುವಾಗ ಹಿಂದಿನ ಎರಡು ವಾರ ಎಷ್ಟಕ್ಕೆ ಮಲಗಿದ್ದು, ಎಷ್ಟಕ್ಕೆ ಎದ್ದದ್ದು, ಊಟ ಹೇಗಿತ್ತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ. ಜೊತೆಗೆ ರೂಮಿನ ಗೆಳೆಯರೋ, ಹಾಸ್ಟೆಲ್ ವಾರ್ಡನ್ನರೋ, ಅಕ್ಕನೋ ಒಬ್ಬರು ಇರಲಿ. ಸಾಲಿನಲ್ಲಿ ಕಾಯುವಾಗ ಎದ್ದು ವಾಪಸ್ ಹೋಗಿಬಿಡೋಣ ಎಂದು ಅನ್ನಿಸುವುದು ಸಹಜ, ಆಗ ಕೈ ಹಿಡಿದು ಕೂರಿಸಿಕೊಳ್ಳಲು.